ಕಾಣದುದನ್ನು ಎಣಿಸುವ ಬಗೆ: ಸ್ಥಿತಿವೀಕ್ಷಕದ ಧ್ರುವಸ್ಥಾನ

ನಮ್ಮ ಸೊರಬ ಸೀಮೆಗೆ ನೆರೆಯಾದ ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ನೀರಿನಿಂದ ತಿರುಗುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಅದೇ 1964ರಲ್ಲಿ ಅಮೆರಿಕದ ಡೇವಿಡ್ ಲುಯೆನ್‌ಬರ್ಗರ್ ಎಂಬ ವಿದ್ವಾಂಸರು, ಅಳತೆಗೆ ಸಿಕ್ಕದ ಸ್ಥಿತಿಯನ್ನು ಸಿಕ್ಕ ಅಳತೆಗಳಿಂದ ಊಹಿಸುವ ವಿಧಾನವೊಂದನ್ನು ಪ್ರಕಟಿಸಿದರು. ಇವೆರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಮೊದಲನೆಯದನ್ನು ಕಂಡು ಬಲ್ಲ ನಮಗೆ ಅದರ ಮೂಲಕ ಎರಡನೆಯದು ಸುಲಭವಾಗಿ ತಿಳಿದೀತು.

ಜಲವಿದ್ಯುತ್ ಯಂತ್ರವೊಂದರ ವೇಗ ಅಳತೆಗೆ ಸಿಕ್ಕುತ್ತದೆ, ಕೊಳವೆಯೊಳಗಿನ ನೀರಿನ ಹರಿವು ಸಿಕ್ಕದು ಎಂದು ಭಾವಿಸೋಣ. ವಿದ್ಯುತ್ತಿನ ಆವರ್ತನವನ್ನು ಸೆಕೆಂಡಿಗೆ 50ರಲ್ಲಿ ಚೆನ್ನಾಗಿ ನಿಲ್ಲಿಸಲು ಎರಡೂ ತಿಳಿದಿರಬೇಕು. ಆಗ ಗಣಕದೊಳಗೆ ಆ ಯಂತ್ರದ ಗಣಿತರೂಪದ ಪ್ರತಿಕೃತಿಯೊಂದನ್ನು ನಡೆಸುತ್ತಾರೆ. ನಿಜಯಂತ್ರಕ್ಕಿತ್ತ ಆಜ್ಞೆಯನ್ನೇ ಅದಕ್ಕೂ ಇತ್ತು, ಅದು ಹೇಳಿದ ವೇಗಕ್ಕೂ ಅಳೆದ ವೇಗಕ್ಕೂ ಇರುವ ಅಂತರವನ್ನು ನೋಡಿ ಪ್ರತಿಕೃತಿಯನ್ನು ತಿದ್ದುತ್ತಾರೆ. ಇದೇ ಸ್ಥಿತಿವೀಕ್ಷಕ. ಎಷ್ಟು ಬಲವಾಗಿ ತಿದ್ದಬೇಕೆಂಬ ನಿರ್ಣಯವೇ ಧ್ರುವಸ್ಥಾನದ ಆಯ್ಕೆ. ಈ ಧ್ರುವಕ್ಕೂ ಆಕಾಶದ ಧ್ರುವನಿಗೂ ಹೆಸರಿನ ನಂಟು ಮಾತ್ರ. ಇದು ತಪ್ಪು ಕರಗುವ ವೇಗವನ್ನು ಸೂಚಿಸುವ ಸಂಖ್ಯೆ.

ಡಿಜಿಟಲ್ ವ್ಯವಸ್ಥೆಯಲ್ಲಿ ಅಳತೆಗಳು ಬಿಡಿಬಿಡಿಯಾಗಿ ಬರುತ್ತವೆ. ಧ್ರುವ 0.5 ಆದರೆ ಊಹೆಯ ತಪ್ಪು ಪ್ರತಿ ಅಳತೆಗೂ ಅರ್ಧವಾಗುವುದು: 16 ಇದ್ದುದು 8, ಬಳಿಕ 4. 0.9 ಆದರೆ ಹತ್ತರಲ್ಲಿ ಒಂಬತ್ತು ಪಾಲು ಉಳಿಯುವುದು. 1ನ್ನು ಮೀರಿದರೆ ತಪ್ಪು ಬೆಳೆಯುತ್ತಲೇ ಹೋಗುವುದು. ಹಾಗಾದರೆ ಧ್ರುವಗಳನ್ನೆಲ್ಲ ಸೊನ್ನೆಯಲ್ಲಿಯೇ ಇಟ್ಟರಾಗದೆ? ಪ್ರತಿಕೃತಿ ನಿಜಕ್ಕೆ ಸರಿಹೊಂದಿದ್ದರೆ, ಎರಡು ಸ್ಥಿತಿಗಳ ವ್ಯವಸ್ಥೆಯಲ್ಲಿ ಎರಡೇ ಅಳತೆಗಳಿಗೆ ತಪ್ಪು ಅಳಿಯುವುದೇನೋ ದಿಟ. ಆದರೆ ಮಾಪಕದ ನಡುಕವನ್ನೂ ಗಣಕ ಸತ್ಯವೆಂದೇ ನಂಬುವುದು, ಊಹೆ ಹೊಯ್ದಾಡುವುದು, ನೀರಿನ ಕವಾಟ ಕಾರಣವಿಲ್ಲದೆ ತೆರೆದು ಮುಚ್ಚುತ್ತ ಸವೆಯುವುದು. ಮಾಪಕ ಎಷ್ಟು ಒರಟೋ ತಿದ್ದುಪಡಿ ಅಷ್ಟು ಮೃದುವಾಗಿರತಕ್ಕದ್ದು.

ವೀಕ್ಷಕವು ನಿಯಂತ್ರಕಕ್ಕಿಂತ ಎರಡರಿಂದ ಆರು ಪಟ್ಟು ಚುರುಕಾಗಿರಲಿ ಎಂಬುದು ಇಂಜಿನಿಯರರ ರೂಢಿ. ಲೆಕ್ಕದಲ್ಲಿ ಎಡವುವುದು ಇಲ್ಲಿಯೇ. ನಿಯಂತ್ರಕದ ಧ್ರುವ 0.9 ಆಗಿದ್ದು ವೀಕ್ಷಕವು ನಾಲ್ಕು ಪಟ್ಟು ಚುರುಕಾಗಬೇಕಾದರೆ, 0.9ನ್ನು ನಾಲ್ಕರಿಂದ ಭಾಗಿಸಬಾರದು. ಅದರ ನಾಲ್ಕನೆಯ ಘಾತವನ್ನು ತೆಗೆಯಬೇಕು. ಬರುವ ಬೆಲೆ 0.6561. ಭಾಗಿಸಿ 0.225 ಎಂದು ಇಟ್ಟವರ ವೀಕ್ಷಕ ನಾಲ್ಕಲ್ಲ, ಸುಮಾರು ಹದಿನಾಲ್ಕು ಪಟ್ಟು ಚುರುಕಾಗಿ, ಮೇಲೆ ಹೇಳಿದ ನಡುಕಕ್ಕೆ ತುತ್ತಾಗುವುದು.

ಮಾಪಕದ ನಡುಕವೆಷ್ಟು, ಪ್ರತಿಕೃತಿಯ ಕೊರತೆಯೆಷ್ಟು ಎಂಬೆರಡೂ ಅಂಕಿಗಳಲ್ಲಿ ತಿಳಿದಿದ್ದರೆ ರೂಢಿಯ ಹಂಗಿಲ್ಲ. ಕಾಲ್ಮನ್ ಅವರು 1960ರಲ್ಲಿ ಪ್ರಕಟಿಸಿದ ವಿಧಾನದಿಂದ ತಿದ್ದುವ ಬಲವನ್ನೇ ನೇರವಾಗಿ ಎಣಿಸಬಹುದು. ಧ್ರುವಗಳು ಅದನ್ನು ಅನುಸರಿಸಿ ತಾವಾಗಿಯೇ ನೆಲೆಗೊಳ್ಳುವುವು.