ಮೂತ್ರದ ತೊಂದರೆ ಎಲ್ಲಾ ಕ್ಯಾನ್ಸರ್ ಅಲ್ಲ, ತೊಂದರೆ ಇಲ್ಲಾಂದ್ರೆ ಕ್ಯಾನ್ಸರ್ ಇಲ್ಲ ಅಂತಲೂ ಅಲ್ಲ

ಗಂಡಸರು ಮನೆಯಲ್ಲೂ ಬಾಯಿಬಿಟ್ಟು ಹೇಳದ ವಿಷಯ ಇವತ್ತಿನದು: ಪ್ರಾಸ್ಟೇಟ್ ಗ್ರಂಥಿ. ರಾಮನಗರ, ಚನ್ನಪಟ್ಟಣದಿಂದ ರೈಲಲ್ಲಿ, ಕನಕಪುರ, ಮಾಗಡಿಯಿಂದ ಬಸ್ಸಲ್ಲಿ ಬೆಂಗಳೂರಿಗೆ ಹೋಗೋ ಹಿರಿಯರಲ್ಲಿ, ದಾರಿಯಲ್ಲಿ ಅವಸರ ಆದೀತು ಅಂತ ನೀರೇ ಕುಡಿಯದೆ ಹೊರಡೋರು ಇದ್ದಾರೆ. ಕೇಳಿದರೆ 'ವಯಸ್ಸಾಯ್ತಲ್ಲಪ್ಪ' ಅಂತಾರೆ. ಇನ್ನು ಕೆಲವರಿಗೆ ರಾತ್ರಿ ಮೂರು ಸಲ ಎದ್ದರೆ ಸಾಕು, ಕ್ಯಾನ್ಸರ್ ಭಯ. ಎರಡೂ ಯಾಕೆ ಸರಿಯಲ್ಲ ಅಂತ ಹೇಳ್ತೀನಿ.

ಪ್ರಾಸ್ಟೇಟ್ ಇರೋದು ಮೂತ್ರಕೋಶದ ಕೆಳಗೆ, ದೊಡ್ಡ ನೆಲ್ಲಿಕಾಯಿಯಷ್ಟು, ಸುಮಾರು 20 ಗ್ರಾಂ ತೂಕ. ವೀರ್ಯದ ದ್ರವದಲ್ಲಿ ಒಂದು ಪಾಲು ತಯಾರಾಗೋದು ಇಲ್ಲೇ. ಮೂತ್ರನಾಳ ಇದರ ನಡುವಿನಿಂದ ಹಾದು ಹೋಗುತ್ತೆ. ಇಡೀ ಕಥೆ ಇರೋದು ಈ ರಚನೆಯಲ್ಲೇ.

ವಯಸ್ಸಾದಂತೆ ಗ್ರಂಥಿಯ ಒಳಭಾಗ, ಅಂದ್ರೆ ನಾಳದ ಸುತ್ತಲಿನ ಭಾಗ ಊದಿಕೊಳ್ಳುತ್ತೆ. ನಾಳ ಕಿರಿದಾಗುತ್ತೆ. ಧಾರೆ ಸಣ್ಣಗಾಗೋದು, ಮುಕ್ಕಬೇಕಾಗೋದು, ಪೂರ್ತಿ ಖಾಲಿಯಾಗಿಲ್ಲ ಅನ್ನಿಸೋದು, ರಾತ್ರಿ ಪದೇ ಪದೇ ಏಳೋದು ಇದರಿಂದ. ಡಾಕ್ಟರು ಇದನ್ನ ಬಿಪಿಎಚ್ ಅಂತಾರೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗೋದೂ ಇಲ್ಲ. ಎಷ್ಟೋ ಜನಕ್ಕೆ ಮಾತ್ರೆಯಲ್ಲೇ ಹತೋಟಿಗೆ ಬರುತ್ತೆ, ಕೆಲವರಿಗೆ ಮೂತ್ರನಾಳದ ಮೂಲಕವೇ ಆಪರೇಷನ್ ಮಾಡ್ತಾರೆ. ಹಾಗಂತ ಸುಮ್ಮನೆ ಬಿಡೋ ಹಾಗೂ ಇಲ್ಲ. ಮೂತ್ರ ಒಳಗೇ ಉಳಿದು ಉಳಿದು ಸೋಂಕು, ಕಲ್ಲು ಆಗಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು.

ಇನ್ನೊಂದು ಪ್ರಾಸ್ಟೇಟ್ ಉರಿಯೂತ. ಇದು ಚಿಕ್ಕ ವಯಸ್ಸಿನವರಿಗೂ ಬರುತ್ತೆ. ಸೋಂಕಿನಿಂದ ದಿಢೀರ್ ಅಂತ ಬಂದರೆ ಚಳಿಜ್ವರ, ಉರಿಮೂತ್ರ, ಕಿಬ್ಬೊಟ್ಟೆ ನೋವು ಇರುತ್ತೆ. ಅದಕ್ಕೆ ಆಂಟಿಬಯೋಟಿಕ್ ಬೇಕು.

ಈಗ ಕ್ಯಾನ್ಸರ್‌ಗೆ ಬರೋಣ. ಅದು ಹೆಚ್ಚಾಗಿ ಶುರುವಾಗೋದು ಗ್ರಂಥಿಯ ಹೊರಭಾಗದಲ್ಲಿ, ಮೂತ್ರನಾಳದಿಂದ ದೂರ. ಆದ್ದರಿಂದ ಮೊದಮೊದಲು ಏನೂ ಗೊತ್ತಾಗಲ್ಲ, ಮೂತ್ರ ಸಲೀಸಾಗಿ ಹೋಗ್ತಾನೇ ಇರುತ್ತೆ. ಹರಡಿದ ಮೇಲೆ ಬೆನ್ನುಮೂಳೆ, ಸೊಂಟದ ನೋವಾಗಿ ಕಾಣಿಸಿಕೊಳ್ಳುತ್ತೆ. ಹೊಲದ ಕೆಲಸದ ನೋವು ಅಂತ ಮುಲಾಮು ಹಚ್ಚಿಕೊಂಡು ಕೂತರೆ ಕಾಲ ಮೀರಿಹೋಗುತ್ತೆ.

ಹಾಗಾದ್ರೆ ಕಂಡುಹಿಡಿಯೋದು ಹೇಗೆ? ಪಿಎಸ್‌ಎ ಅನ್ನೋ ರಕ್ತಪರೀಕ್ಷೆ ಇದೆ. ಕೈಗವಸು ತೊಟ್ಟ ಬೆರಳಿಂದ ಗುದದ್ವಾರದ ಮೂಲಕ ಗ್ರಂಥಿ ಮುಟ್ಟಿ ನೋಡೋ ಪರೀಕ್ಷೆಯೂ ಇದೆ. ಅದು ಒಂದು ನಿಮಿಷದ ಕೆಲಸ, ನಾಚಿಕೆ ಬೇಡ. ಆದರೆ ಪಿಎಸ್‌ಎ ಜಾಸ್ತಿ ಬಂದ ತಕ್ಷಣ ಕ್ಯಾನ್ಸರ್ ಅಂತ ಅಲ್ಲ. ಊತಕ್ಕೂ, ಸೋಂಕಿಗೂ ಅದು ಏರುತ್ತೆ. ಫಿನಾಸ್ಟರೈಡ್ ಮಾತ್ರೆ ತಗೊಳ್ಳೋರಲ್ಲಿ ಕೆಲವು ತಿಂಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತೆ. ಅದಕ್ಕೇ ಯಾವ ಮಾತ್ರೆ ನುಂಗ್ತಿದ್ದೀರಿ ಅಂತ ಡಾಕ್ಟರಿಗೆ ಹೇಳಲೇಬೇಕು. ಕ್ಯಾನ್ಸರ್ ಖಚಿತ ಆಗೋದು ಬಯಾಪ್ಸಿಯಿಂದ.

ಎಲ್ಲರೂ ಪಿಎಸ್‌ಎ ಮಾಡಿಸಲೇಬೇಕಾ? ಲಕ್ಷಣ ಇಲ್ಲದವರು 50 ದಾಟಿದ ಮೇಲೆ ಲಾಭ-ನಷ್ಟ ಡಾಕ್ಟರ ಹತ್ತಿರ ಕೇಳಿ ತೀರ್ಮಾನ ಮಾಡೋದು ಒಳ್ಳೇದು. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ರೆ ಅಪಾಯ ಸುಮಾರು ಎರಡು ಪಟ್ಟು, ಅಂಥವರು ಇನ್ನೂ ಮುಂಚೆ ಕೇಳಬೇಕು.

ಕ್ಯಾನ್ಸರ್ ಅಂದ ತಕ್ಷಣ ಕೈಚೆಲ್ಲಬೇಡಿ. ನಿಧಾನವಾಗಿ ಬೆಳೆಯೋದನ್ನ ಆಗಾಗ ಪರೀಕ್ಷೆ ಮಾಡ್ತಾ ಕಾಯಬಹುದು. ಆಪರೇಷನ್, ರೇಡಿಯೇಷನ್ ಇವೆ. ಹರಡಿದ್ದರೂ ಪುರುಷ ಹಾರ್ಮೋನು ತಗ್ಗಿಸಿ ವರ್ಷಗಟ್ಟಲೆ ಹಿಡಿತದಲ್ಲಿ ಇಡಬಹುದು. 1941ರಲ್ಲಿ ಇದನ್ನು ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು.

ಎಲ್ಲಿಗೆ ಹೋಗಬೇಕು? ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಗೆ, ಇಲ್ಲವೇ ರಾಮನಗರದ ಜಿಲ್ಲಾಸ್ಪತ್ರೆಗೆ. ದೊಡ್ಡ ಚಿಕಿತ್ಸೆ ಬೇಕಾದರೆ ಬೆಂಗಳೂರಲ್ಲಿ ವಿಕ್ಟೋರಿಯಾ ಆವರಣದ ನೆಫ್ರೋ-ಯುರಾಲಜಿ ಸಂಸ್ಥೆ ಇದೆ, ಕ್ಯಾನ್ಸರ್‌ಗೆ ಕಿದ್ವಾಯಿ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳಿ ಪಡೆಯಿರಿ.

ಮೂತ್ರ ಪೂರ್ತಿ ನಿಂತುಹೋದರೆ, ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರದ ಜೊತೆ ಉರಿ ಇದ್ದರೆ, ಬೆನ್ನುನೋವಿನ ಜೊತೆ ಕಾಲು ಸೋತರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಮನೆಯ ಹೆಣ್ಣುಮಕ್ಕಳಿಗೂ ಒಂದು ಮಾತು: ಯಜಮಾನರು ತಾವಾಗಿ ಹೇಳಲ್ಲ, ನೀವೇ ಒಂದ್ಸಲ ಕೇಳಿ ನೋಡಿ.