ಗೊಡ್ಡಲ್ಲದ ಗೊಡ್ಡೀಚಲು

ಕುಂಸಿಯಿಂದ ಪಡುವಣಕ್ಕೆ ಸಾಗಿದರೆ ಪಶ್ಚಿಮ ಘಟ್ಟಗಳ ಸಾಲು. ಆ ಘಟ್ಟಗಳ ಕಾಡಿನಲ್ಲಿ ಬೆಳೆಯುವ ಸೈಕಾಸ್ ಸರ್ಸಿನಾಲಿಸ್ ಎಂಬ ಮರಕ್ಕೆ ಕನ್ನಡದಲ್ಲಿ ಗೊಡ್ಡೀಚಲು ಎಂಬ ಹೆಸರುಂಟು. ಗರಿಯೇನೋ ಈಚಲಿನಂತಿದೆ, ಆದರೆ ಮರವು ಈಚಲೂ ಅಲ್ಲ, ಗೊಡ್ಡೂ ಅಲ್ಲ. 1753ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮವಿತ್ತ ಲಿನೇಯಸನೂ ಇದನ್ನು ತಾಳೆಗಳೊಡನೆ ಸೇರಿಸಿ ಎಡವಿದ್ದನು.

ಇದಕ್ಕೆ ಹೂವಿಲ್ಲ. ಬೀಜವು ಹಣ್ಣಿನೊಳಗೆ ಅಡಗದೆ ತೆರೆದೇ ಇರುವುದರಿಂದ ಇದು ‘ಅನಾವೃತಬೀಜ ಸಸ್ಯ’. ಗಂಡು ಮರದ ತುದಿಯಲ್ಲಿ ಪರಾಗ ತುಂಬಿದ ‘ಶಂಕು’ ಮೂಡುತ್ತದೆ. ಹೆಣ್ಣು ಮರದಲ್ಲಿ ಶಂಕುವಿಲ್ಲ. ಎಲೆಯನ್ನು ಹೋಲುವ ‘ಬೀಜಾಣುಪರ್ಣ’ಗಳ ಅಂಚಿನಲ್ಲಿ ಬೀಜ ಕಟ್ಟುತ್ತದೆ. ಒಂದಿಲ್ಲದೆ ಇನ್ನೊಂದು ಫಲಿಸದು.

ನಿಧಾನವಾಗಿ ಬೆಳೆಯುವ ಈ ಮರಕ್ಕೆ ಇಂದು ಅಳಿವಿನ ಭಯವಿದೆ. ಮಂಟಪದ ಶೃಂಗಾರಕ್ಕೆಂದು ಕಾಡಿನ ಗರಿಗಳನ್ನು ಕಡಿಯುವ ಮುನ್ನ, ಅದಕ್ಕೂ ಒಂದು ಸಂತತಿಯಿದೆಯೆಂಬುದನ್ನು ನೆನೆಯೋಣ.