ದಂಡೆಯ ಅಡವಿ ಮತ್ತು ನಮ್ಮ ಹೊಣೆ

ಧಾರವಾಡವು ನೀರನ್ನು ಇಬ್ಬಗೆಯಾಗಿ ಹಂಚುವ ದಿಬ್ಬದ ಮೇಲಿನ ಊರು. ಒಂದು ಮಗ್ಗುಲಿಗೆ ಬಿದ್ದ ಮಳೆಯು ಮಲಪ್ರಭೆಯನ್ನು ಕೂಡಿ ಕೃಷ್ಣೆಯ ಮೂಲಕ ಪೂರ್ವಸಮುದ್ರಕ್ಕೆ ಹೋಗುವದು. ಇನ್ನೊಂದು ಮಗ್ಗುಲಿನದು ಸೋಮೇಶ್ವರದ ಶಾಲ್ಮಲೆಯಾಗಿ ಬೇಡ್ತಿಯಲ್ಲಿ ಬೆರೆತು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಪಶ್ಚಿಮಸಮುದ್ರವನ್ನು ಸೇರುವದು.

ಘಟ್ಟದಲ್ಲಿ ಈ ಬೇಡ್ತಿಯ ಕಣಿವೆಯ ಒಂದು ಭಾಗವನ್ನು ಸರಕಾರವು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. 2012ರಲ್ಲಿ, ಬೇಡ್ತಿಯನ್ನೇ ಕೂಡುವ ಶಿರಸಿ ಸೀಮೆಯ ಮತ್ತೊಂದು ಶಾಲ್ಮಲೆಯ ದಂಡೆಯ ಅಡವಿಗೂ, ಸುಮಾರು 5 ಚದರ ಕಿಲೋಮೀಟರಿನಷ್ಟಕ್ಕೆ, ಅದೇ ರಕ್ಷಣೆ ದೊರೆಯಿತು. ಇದು ಸಂತೋಷದ ಸಂಗತಿ. ಆದರೆ ಹೊಳೆಯ ನಡುವನ್ನು ಕಾಯ್ದು ತಲೆಯನ್ನು ಬರಿದಾಗಿ ಬಿಟ್ಟರೆ ಫಲವೇನು?

ದಂಡೆಯ ಅಡವಿಯಿಂದಾಗುವ ಉಪಕಾರ ಸಣ್ಣದಲ್ಲ. ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿಗಳ ಬೇರು ದಡವನ್ನು ಬಿಗಿಹಿಡಿಯುವದು. ಹೊಲಗಳಿಂದ ಹರಿದುಬಂದ ಮಣ್ಣು ಬುಡದ ಪೊದೆಗಳಲ್ಲಿ ತಂಗುವದು. ನೆರಳು ನೀರನ್ನು ತಂಪಾಗಿಡುವದು. ಉದುರಿದ ಎಲೆ ಹುಳಕ್ಕೂ, ಹುಳ ಮೀನಿಗೂ ಆಹಾರವಾಗುವದು. ದಂಡೆ ಬೋಳಾದರೆ ಮೇಲಿನವನ ಹೊಲ ಕೊಚ್ಚಿಹೋಗಿ, ಆ ಮಣ್ಣೇ ಕೆಳಗಿನವನ ಮಡುವನ್ನು ತುಂಬುವದು. ಒಂದೇ ಮಣ್ಣಿನಿಂದ ಇಬ್ಬರಿಗೂ ನಷ್ಟ!

1972ರ ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯು ಎರಡು ದಾರಿಗಳನ್ನು ತೆರೆದಿದೆ. ಸಂರಕ್ಷಣಾ ಮೀಸಲು ಸರಕಾರದ ಒಡೆತನದ ನೆಲಕ್ಕೆ ಮಾತ್ರ ಸಲ್ಲುವದು. ಅದರ ಸಲಹಾ ಸಮಿತಿಯಲ್ಲಿ ಅರಣ್ಯಾಧಿಕಾರಿಯೊಡನೆ ಗ್ರಾಮಪಂಚಾಯತಿಗಳ ಪ್ರತಿನಿಧಿಗಳೂ ಕೂಡ್ರಬೇಕು. ಖಾಸಗಿ ನೆಲಕ್ಕೆ ಸಮುದಾಯ ಮೀಸಲೆಂಬುದಿದೆ. ಅದಕ್ಕೆ ನೆಲದ ಒಡೆಯನು ತಾನಾಗಿ ಮುಂದೆ ಬರಬೇಕು. ಒಮ್ಮೆ ಸಾರಿದ ಮೇಲೆ ಸಮಿತಿಯ ಠರಾವು ಮತ್ತು ಸರಕಾರದ ಒಪ್ಪಿಗೆಯಿಲ್ಲದೆ ಆ ನೆಲದ ಬಳಕೆಯನ್ನು ಬದಲಿಸಲಾಗದು.

ತೊಡಕಿರುವದು ಇಲ್ಲಿಯೇ. ನಮ್ಮ ಕಡೆ ನೇಗಿಲು ಹಳ್ಳದ ಅಂಚಿನವರೆಗೂ ಹೋಗುವದು. ಒಂದೆರಡು ಎಕರೆಯ ಒಕ್ಕಲಿಗನಿಗೆ ದಂಡೆಯನ್ನು ಬಿಟ್ಟುಕೊಡೆಂದು ಬರಿಯ ಉಪದೇಶ ಮಾಡುವದು ನ್ಯಾಯವಲ್ಲ. ಊರೆಲ್ಲರ ಹಿತಕ್ಕಾಗಿ ಅವನು ಪಟ್ಟಿಯಷ್ಟು ನೆಲವನ್ನು ಬಿಟ್ಟರೆ, ಆ ನಷ್ಟವನ್ನು ಊರೆಲ್ಲರೂ ಹೊರಬೇಕು. ಸಸಿ, ಬೇಲಿಗಳ ವೆಚ್ಚ ಸರಕಾರದ್ದಾಗಲಿ. ಹೊಂಗೆಯ ಬೀಜ, ನೇರಳೆಯ ಹಣ್ಣು, ಮೇವು ರೈತನವಾಗಲಿ. ಸರಕಾರಿ ನೆಲವಿದ್ದಲ್ಲಿ ಮೊದಲು ಅಳತೆಮಾಡಿ ಗಡಿಗಲ್ಲು ನೆಡಲಿ.

ಸ್ವರಾಜ್ಯದಲ್ಲಿ ಅಡವಿಯ ಕಾವಲು ಗಾರ್ಡನೊಬ್ಬನ ಕೆಲಸವಲ್ಲ. ಜಿಲ್ಹಾಧಿಕಾರಿಗಳೂ ಪಂಚಾಯತಿಗಳೂ ಮಹಾನಗರಪಾಲಿಕೆಯೂ ಕೂಡಿ ಕುಳಿತು, ಸೋಮೇಶ್ವರದಿಂದ ಕಲಘಟಗಿಯವರೆಗಿನ ದಂಡೆಯನ್ನು ಬರುವ ಮಳೆಗಾಲಕ್ಕೆ ಮುಂಚೆಯೇ ನಡೆದು ನೋಡಲಿ.